ರಾಣಿಯ ಮಗುವಿನ ಹೆಸರು

ಅಮೆರಿಕದ ಡುಲೂತ್‌ನಲ್ಲಿ ಆ ಚಳಿಗಾಲವೆಲ್ಲ ನಾನು ಒಂದೇ ಕಾದಂಬರಿಯನ್ನು ಮೊದಲ ಸಲ ಓದುತ್ತಿದ್ದೆ. ಏಳು ಸಂಪುಟ, ಇಲ್ಲದ ರಾಜ್ಯದ ನಕ್ಷೆ, ವಂಶಾವಳಿ ಎಲ್ಲ ಇತ್ತು. ಐದನೆಯದರಲ್ಲಿ ರಾಣಿ ತನ್ನ ಸತ್ತ ಹಸುಗೂಸಿನ ಕಿವಿಯಲ್ಲಿ ಒಂದು ಹೆಸರು ಉಸುರುತ್ತಾಳೆ: ಓರ್ವೆನ್ನಾ.

ಅದು ನಾನೇ ಕಟ್ಟಿದ ಹೆಸರು. ಆಸ್ಪತ್ರೆಯಲ್ಲಿ, ಉಸಿರಿಲ್ಲದ ನಮ್ಮ ಮಗುವಿನ ಕಿವಿಯಲ್ಲಿ ಹೇಳಿದ್ದು. ಕೇಳಿಸಿಕೊಂಡವನು ಗಂಡ ವೆರ್ಲಿನ್ ಒಬ್ಬನೇ.

ಒಲೆಯ ಪಕ್ಕದಲ್ಲೇ ಕೂತಿದ್ದರೂ ಆ ಹಾಳೆ ಮಾತ್ರ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು.

"ಯಾರಿಗೆ ಮಾರ್ಕೊಂಡೆ ನಮ್ಮ ಮಗೂ ಹೆಸರನ್ನ?"

"ಯಾರ್ಗೂ ಬಾಯಿ ಬಿಟ್ಟಿಲ್ಲ ಕಣೇ, ನಿನ್ನಾಣೆ!"

ನಂಬಲಿಲ್ಲ. ಪುಸ್ತಕ ಎತ್ತಿಕೊಂಡು ತಂಗಿಯ ಮನೆಗೆ ಹೊರಟುಬಿಟ್ಟೆ. ಪ್ರಕಾಶಕರಿಗೆ ಕಾಗದ ಬರೆಯೋಣವೆಂದು, ವಿಳಾಸಕ್ಕಾಗಿ ಅಲ್ಲಿ ಮೊದಲ ಪುಟ ತೆರೆದೆ.

ಮಗು ಹುಟ್ಟಿದ್ದು ೨೦೦೯ರಲ್ಲಿ. ಪುಸ್ತಕ ಅಚ್ಚಾಗಿದ್ದು ೧೯೭೪ರಲ್ಲಿ.