ಹನ್ನೆರಡನೆಯ ಚೀಟಿ

ವರ್ಷಕ್ಕೊಮ್ಮೆ ನಮ್ಮ ರಸಾಯನಶಾಸ್ತ್ರ ವಿಭಾಗದ ಅಧ್ಯಾಪಕರು ತಮ್ಮ ಸಂಶೋಧನೆಯ ವಿಷಯವನ್ನು ಚೀಟಿಯಲ್ಲಿ ಬರೆದು ನನ್ನ ಮೇಜಿನ ಡಬ್ಬಿಗೆ ಹಾಕುತ್ತಾರೆ. ಅದನ್ನು ನೋಡಿ ಗೋಡೆಯ ಫಲಕ ತಿದ್ದುವುದು ಗುಮಾಸ್ತನಾದ ನನ್ನ ಕೆಲಸ.

ಈ ಸಲ ಹನ್ನೊಂದು ಮಂದಿಯಿಂದ ಹನ್ನೆರಡು ಚೀಟಿ ಬಂದವು. ಕೊನೆಯದು ಮಧ್ಯಾಹ್ನದ ಸೆಕೆಯಲ್ಲೂ ತಣ್ಣಗಿತ್ತು. 'ಕಿಣ್ವಗಳು. ಕೆಲಸ ಮುಗಿದಿಲ್ಲ' ಎಂದಿತ್ತು. ಅಕ್ಷರ ನಮ್ಮಲ್ಲಿ ಕಿಣ್ವಗಳ ಸಂಶೋಧನೆ ಮಾಡುತ್ತಿದ್ದು, ಮೂರು ತಿಂಗಳ ಹಿಂದೆ ತೀರಿಕೊಂಡ ಮೇಡಂ ಅವರದು. ಬದುಕಿದ್ದಾಗ ನಾಲ್ಕು ಸಲ ಕೇಳದೆ ಅವರು ಚೀಟಿ ಕೊಟ್ಟವರೇ ಅಲ್ಲ.

"ಯಾರೋ ತಮಾಷೆ ಮಾಡಿದಾರೆ, ಬಿಡಿ ಸಾರ್," ಎಂದ ಅಟೆಂಡರ್, ಚೀಟಿ ಮುಟ್ಟಿದವನೇ ಕೈ ಎಳೆದುಕೊಂಡ. "ಅವರ ಲ್ಯಾಬಿನ ಬೀಗದಕೈ ನಿಮ್ಮ ಹತ್ರಾನೇ ಇದೆ ಅಲ್ವಾ?"

ಇತ್ತು. ಹೋಗಿ ತೆಗೆದೆ. ಅವರು ಹೋದ ಮೇಲೆ ಅಲ್ಲಿನ ಫ್ರಿಜ್ಜನ್ನು ಖಾಲಿ ಮಾಡಿ ವೈರು ಕಿತ್ತವನು ನಾನೇ; ವೈರು ಹಾಗೇ ನೆಲದ ಮೇಲಿತ್ತು. ಫ್ರಿಜ್ಜಿನ ಬಾಗಿಲು ತೆಗೆದರೆ ಒಳಗೆ ಒಂದು ಸೀಸೆ, ಮೈತುಂಬ ಮಂಜು. ಅದರ ಲೇಬಲ್ಲಿನಲ್ಲಿ ಅದೇ ಅಕ್ಷರದಲ್ಲಿ, ಚೀಟಿ ಬಂದ ಅವತ್ತಿನದೇ ತಾರೀಖಿತ್ತು.