ನಲವತ್ತು ಬಾಲಗಳು

ಹದಿನಾಲ್ಕನೆಯ ತಾರೀಖು, ಮಂಗಳವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸಿನ ಕೈಯಲ್ಲಿ ಒಂದು ಹಸಿರು ಚೀಟಿ ಇತ್ತು. ಜೊತೆಗೆ ಬಂದಿದ್ದ ತಮ್ಮ ಅವಳನ್ನು ಬೆಂಚಿನ ಮೇಲೆ ಕೂರಿಸಿ, ನೀರು ತಂದುಕೊಟ್ಟು, ತಾನು ಗೋಡೆಗೆ ಒರಗಿ ನಿಂತ.

ಅವಳ ಗಂಡ ಇಲಿ ಪ್ರಯೋಗಾಲಯದಲ್ಲಿ ಗೂಡು ನೋಡಿಕೊಳ್ಳುವ ಕೆಲಸದವನು. ಧಾನ್ಯದ ಗೋದಾಮುಗಳಲ್ಲಿ ಬೋನಿಟ್ಟು ಹಿಡಿದ ಇಲಿಗಳನ್ನು ಅಲ್ಲಿ ಗೂಡಿನಲ್ಲಿಟ್ಟು, ಮನುಷ್ಯರಿಗೆ ಹರಡುವ ರೋಗವೇನಾದರೂ ಅವುಗಳಲ್ಲಿ ಇದೆಯೇ ಎಂದು ರಕ್ತ ಪರೀಕ್ಷೆ ಮಾಡುತ್ತಾರೆ. ರೋಗವಿದ್ದರೆ ಕೋಣೆಯ ಬಾಗಿಲಿಗೆ ಕೆಂಪು ಚೀಟಿ, ಇಲ್ಲದಿದ್ದರೆ ಹಸಿರು. ಕೆಂಪಿದ್ದರೆ ಮೊಣಕೈವರೆಗೆ ಗವಸು, ಮುಖಕ್ಕೆ ಮಾಸ್ಕು. ಹಸಿರಿದ್ದರೆ ಬರಿಗೈ ಸಾಕು. ಗಂಡ ಚೀಟಿ ನೋಡಿ, ಬರಿಗೈಯಲ್ಲೇ ಉಚ್ಚೆಯ ತಟ್ಟೆಗಳನ್ನು ತೊಳೆದಿದ್ದ. ಎರಡನೆಯ ತಾರೀಖು ಜ್ವರ ಬಂತು. ಆಸ್ಪತ್ರೆಯಲ್ಲಿ ನಾಲ್ಕು ದಿನ ಸಾದಾ ಜ್ವರದ ಮಾತ್ರೆಯೇ ನಡೆಯಿತು. ಆಮೇಲೆ ಮೂತ್ರ ನಿಂತಿತು. ಹನ್ನೊಂದಕ್ಕೆ, ಉಸಿರು ಕೊಟ್ಟ ದೇವರು ಅದನ್ನು ಹಿಂದಕ್ಕೆ ತೆಗೆದುಕೊಂಡ. ಇಲಿ ಜ್ವರವೆಂದು ಗೊತ್ತಾದದ್ದು ಅದರ ಮಾರನೆಯ ದಿನ.

ಅವಳು ಚೀಟಿಯನ್ನು ಇನ್ಸ್‌ಪೆಕ್ಟರ್ ಮುಂದಿಟ್ಟಳು.

"ಹಸಿರು ಅಂದ್ರೆ ಅವುಕ್ಕೆ ರೋಗ ಇಲ್ಲ ಅಂತ ತಾನೇ ಸಾರ್? ಮತ್ತೆ ನಮ್ಮ ಯಜಮಾನರಿಗೆ ಎಲ್ಲಿಂದ ಬಂತು? ಅಷ್ಟು ಹೇಳಿ. ನಂಗೆ ಬೇರೇನೂ ಬೇಡ."

ತಮ್ಮನೂ ಅದೇ ಪ್ರಯೋಗಾಲಯದವನು, ರಕ್ತ ತೆಗೆಯುವವನು ಅವನೇ ಎಂದು ದೂರು ಬರೆದುಕೊಳ್ಳುವಾಗ ತಿಳಿಯಿತು. ಮೂರು ವರ್ಷದ ಹಿಂದೆ ಅವನನ್ನು ಕೈಹಿಡಿದು ಕರೆದೊಯ್ದು ಕೆಲಸಕ್ಕೆ ಸೇರಿಸಿದವನು ಸತ್ತ ಭಾವನೇ. ಹನ್ನೊಂದೂವರೆಗೆ ಎಫ್‌ಐಆರ್ ಆಯಿತು. ಆರೋಪಿಯ ಕಾಲಂನಲ್ಲಿ 'ಗೊತ್ತಿಲ್ಲ' ಎಂದು ಬರೆದರು.

ಮರುದಿನ ಇನ್ಸ್‌ಪೆಕ್ಟರ್ ದಫೇದಾರನನ್ನು ಕರೆದುಕೊಂಡು ಪ್ರಯೋಗಾಲಯಕ್ಕೆ ಹೋದರು. ದಫೇದಾರ ಮೂವತ್ತು ವರ್ಷ ಸರ್ವಿಸಿನವನು, ಚಾಕು ಹಿಡಿದವರನ್ನೂ ಹಿಡಿದು ತಂದವನು. ಗೂಡಿನ ಕೋಣೆಯ ಹೊಸ್ತಿಲಲ್ಲೇ ನಿಂತುಬಿಟ್ಟ.

"ಸಾರ್, ಕಳ್ಳರನ್ನ ಎಷ್ಟು ಜನ ಬೇಕಾದ್ರೂ ಹಿಡೀತೀನಿ. ಇಲಿ ಒಂದು ನನ್ನ ಕೈಲಾಗಲ್ಲ. ನೀವು ಹೇಳಿ, ನಾನು ಇಲ್ಲಿಂದ್ಲೇ ಬರ್ಕೋತೀನಿ."

"ಬರ್ಕೋಪ್ಪ. ಅದಕ್ಕೇನು ನಾಚಿಕೆ," ಎಂದರು ಇನ್ಸ್‌ಪೆಕ್ಟರ್.

ಪ್ರಯೋಗಾಲಯದ ಮುಖ್ಯಸ್ಥೆ ನರೆಗೂದಲಿನ ವೈದ್ಯೆ. ಚೀಟಿಗೆ ಸಹಿ ಹಾಕಿದ್ದು ಅವರು. ರೋಗವಿದೆ ಎಂದು ಮೊದಲೇ ಖಚಿತವಾಗಿದ್ದ ರಕ್ತವನ್ನು ಯಂತ್ರಕ್ಕೆ ಹಾಕಿ ತೋರಿಸಿದರು. ಯಂತ್ರ ಸರಿಯಾಗಿಯೇ ಹೇಳಿತು. ಯಂತ್ರದ್ದು ತಪ್ಪಿಲ್ಲವೆಂದರೆ ಉಳಿದದ್ದು ಅದಕ್ಕೆ ಹಾಕಿದ ರಕ್ತ.

"ರಕ್ತ ಹೇಗೆ ತೆಗೀತೀರಿ?" ಇನ್ಸ್‌ಪೆಕ್ಟರ್ ಕೇಳಿದರು.

"ಬಾಲದ ತುದಿ ಒಂದು ಚೂರು ಕತ್ತರಿಸ್ತೀವಿ. ನಾಲ್ಕು ಹನಿ ಸಾಕು."

"ತುದಿ ಮತ್ತೆ ಬೆಳೆಯುತ್ತಾ?"

"ಇಲ್ಲ. ಸಾಯೋತನಕ ಮೊಂಡೇ."

ಹೇಳುತ್ತಿದ್ದಂತೆ ಅವರ ಕಣ್ಣು ಗೂಡುಗಳ ಕಡೆ ಹೋಯಿತು. ಆಮೇಲೆ ಉದ್ದ ಗವಸು ತೊಟ್ಟು ಒಂದನೆಯ ಗೂಡಿನ ಚಿಲಕ ತೆಗೆದರು.

ಕಾವಲುಗಾರನನ್ನೂ ಗೋದಾಮಿನ ಗುಮಾಸ್ತನನ್ನೂ ಪಂಚರಾಗಿ ಕರೆಸಿ, ಹನ್ನೆರಡು ಗಂಟೆಯಿಂದ ಎರಡೂ ಹತ್ತರವರೆಗೆ ಪಂಚನಾಮೆ ನಡೆಯಿತು. ಒಂದೊಂದಾಗಿ ನಲವತ್ತು ಇಲಿಗಳನ್ನು ಎತ್ತಿ ನೋಡಿದರು. ನಲವತ್ತು ಬಾಲಗಳೂ ದೇವರು ಕೊಟ್ಟಂತೆಯೇ ಇದ್ದವು, ಸೂಜಿಯ ಹಾಗೆ ಚೂಪಾಗಿ. ರಿಜಿಸ್ಟರಿನಲ್ಲಿ ಮಾತ್ರ ನಲವತ್ತರ ರಕ್ತವನ್ನೂ ತೆಗೆದದ್ದಾಗಿತ್ತು. ಪಕ್ಕದ ಕೋಣೆಯಲ್ಲಿ ಹೊಸಬರ ಕೈ ಪಳಗಿಸಲೆಂದು ಸಾಕಿದ ಆರು ಬಿಳಿ ಇಲಿಗಳಿದ್ದವು. ಹುಟ್ಟಿದಾಗಿನಿಂದ ಹೊರಗಿನ ಗಾಳಿ ಕಾಣದ, ಅಂಗೈಯಲ್ಲಿ ಮಲಗುವಷ್ಟು ಸಾಧು ಪ್ರಾಣಿಗಳು. ಆರರ ಬಾಲಗಳೂ ಅರ್ಧಕ್ಕೆ ಬಂದಿದ್ದವು.

ವೈದ್ಯೆ ಅಂದೇ ನಲವತ್ತರ ರಕ್ತವನ್ನೂ ತಾವೇ ತೆಗೆದರು. ಏಳು ಇಲಿಗಳಲ್ಲಿ ರೋಗವಿತ್ತು. ಅವುಗಳನ್ನು ಹಿಡಿದಿದ್ದ ಗೋದಾಮಿನ ಕೂಲಿಯವರಿಗೆಲ್ಲ ಸಂಜೆಯೊಳಗೆ ತಿಳಿಸಿ ಔಷಧಿ ಕೊಡಿಸಿದರು.

ಗುರುವಾರ ಇನ್ಸ್‌ಪೆಕ್ಟರ್ ಆಸ್ಪತ್ರೆಯಿಂದ ರೋಗಿಯ ಕಾಗದಗಳನ್ನು ತರಿಸಿ ಎರಡು ಸಲ ಓದಿದರು. ಶುಕ್ರವಾರ, ಹದಿನೇಳರಂದು, ತಮ್ಮನನ್ನು ಕರೆಸಿದರು.

"ಗೂಡಿನ ಕೋಣೆಗೆ ಹೋಗ್ತಿದ್ಯಾ?"

"ಪ್ರತಿ ವಾರ ಸಾರ್."

"ಒಳಗೆ?"

ಅವನು ತಲೆ ತಗ್ಗಿಸಿದ. "ಬಾಗಿಲ ತನಕ."

ಇನ್ಸ್‌ಪೆಕ್ಟರ್ ಆಸ್ಪತ್ರೆಯ ಕಾಗದವನ್ನು ಅವನ ಕಡೆ ತಿರುಗಿಸಿದರು. ಮೂರನೆಯ ತಾರೀಖಿನ ಕೆಳಗೆ ವೈದ್ಯರ ಕೈಬರಹ: 'ಇಲಿಗಳ ಪರೀಕ್ಷೆಯಾಗಿದೆ, ರೋಗವಿಲ್ಲ ಎಂದು ರೋಗಿಯ ಮೈದುನ ತಿಳಿಸಿದ್ದಾರೆ.'

"ಆವತ್ತು ನಿಜ ಹೇಳಿದ್ದಿದ್ರೆ ಬದುಕ್ತಿದ್ದ ಮನುಷ್ಯ."

"ಹೇಳೋಣ ಅಂತ ಬಾಯಿ ತೆಗೆದೆ ಸಾರ್. ಅಷ್ಟರಲ್ಲಿ ಭಾವ ನನ್ನ ಕಡೆ ನೋಡಿ ನಕ್ಕರು. 'ನಮ್ಮ ಹುಡುಗ ನೋಡಿರೋದು ಡಾಕ್ಟ್ರೇ, ತಪ್ಪಿರಲ್ಲ' ಅಂದ್ಬಿಟ್ರು. ಆಮೇಲೆ ಡಾಕ್ಟ್ರು ನನ್ನ ಕೇಳಿದ್ರು. ಹೌದು ಅಂದೆ."

ನಾಲ್ಕೂ ಕಾಲಿಗೆ ಬಂಧನವಾಯಿತು. ಬಂಧನದ ವಿಷಯವನ್ನು ಆರೋಪಿಯ ಹತ್ತಿರದ ಸಂಬಂಧಿಕರಿಗೆ ತಿಳಿಸಿ ಸಹಿ ಪಡೆಯಬೇಕು. ಯಾರಿಗಪ್ಪ ತಿಳಿಸೋದು ಎಂದು ದಫೇದಾರ ಕೇಳಿದ್ದಕ್ಕೆ ಅವನು, ಅಕ್ಕ ಒಬ್ಬಳೇ ಇರೋದು ಎಂದ.

ಅವಳನ್ನು ಕರೆಸಿದರು. ಗೋದಾಮಿನ ಇಲಿಗಳ ಬದಲು ಬಿಳಿ ಇಲಿಗಳ ರಕ್ತ ಕೊಟ್ಟದ್ದರಿಂದ ಹಿಡಿದು, ಇನ್ಸ್‌ಪೆಕ್ಟರ್ ಯಾವುದನ್ನೂ ಬಿಡದೆ ಎಲ್ಲವನ್ನೂ ತಾವೇ ಹೇಳಿದರು. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತ ಕೇಳಿಸಿಕೊಂಡಳು.

"ಯಾವಾಗಿಂದ ಹೆದರಿಕೆ ನಿಂಗೆ?" ಎಂದು ತಮ್ಮನನ್ನು ಕೇಳಿದಳು.

"ಎರಡು ವರ್ಷ ಆಯ್ತು ಅಕ್ಕ. ಗವಸು ತೂತಾಗಿ ಬೆರಳು ಕಚ್ಚಿತ್ತು. ಆಮೇಲೆ ಗೂಡಿಗೆ ಕೈ ಹಾಕಕ್ಕೇ ಆಗ್ಲಿಲ್ಲ. ನನ್ನ ಮೈದುನ ಯಾವುದಕ್ಕೂ ಹೆದರಲ್ಲ ಅಂತ ಭಾವ ಎಲ್ಲರ ಹತ್ರ ಹೇಳ್ಕೊಂಡಿದ್ರು."

"ಅವರಿಗೆ ಒಂದು ಮಾತು ಹೇಳಿದ್ರೆ ಅವರೇ ಹಿಡ್ಕೋತಿದ್ರಲ್ಲೋ. ನೀನು ಬಾಲ ಮುಟ್ಟಿದ್ರೆ ಸಾಕಿತ್ತು."

ತಮ್ಮನೊಳಗಿದ್ದದ್ದು ದ್ವೇಷವಲ್ಲ, ಆಸೆಯೂ ಅಲ್ಲ. ಒಂದು ಪುಟ್ಟ ಹೆದರಿಕೆ, ಅದು ಹೊರಗೆ ಕಾಣಬಾರದೆಂಬ ನಾಚಿಕೆ, ಅಷ್ಟೇ. ಅದಕ್ಕಾಗಿ ಅವನು ತನ್ನನ್ನು ನಂಬಿ ನಕ್ಕ ಮುಖದ ಎದುರಿಗೇ ಹೌದು ಎಂದಿದ್ದ.

ದಫೇದಾರ ಕಾಗದವನ್ನೂ ಪೆನ್ನನ್ನೂ ಅವಳ ಮುಂದಿಟ್ಟ. ಅವಳು ಹೆಸರು ಬರೆದು, ಮುಂದಿನ ಕಾಲಂನಲ್ಲಿ ನಿಂತಳು.

"ಇಲ್ಲಿ ಏನು ಬರೀಲಿ?"

"ನೀವು ಅವನಿಗೆ ಏನಾಗಬೇಕೋ ಅದು ತಾಯಿ."

"ಏನಾಗಬೇಕು," ಎಂದು ಅವಳು ತನ್ನಷ್ಟಕ್ಕೆ ಅಂದುಕೊಂಡಳು. ಯಾರೂ ಅವಸರ ಮಾಡಲಿಲ್ಲ. ಕೊನೆಗೆ ಒಂದೊಂದೇ ಅಕ್ಷರ ಕೂಡಿಸಿ 'ದೂರು ಕೊಟ್ಟವಳು' ಎಂದು ಬರೆದಳು.

ಮೇಜಿನ ಆಚೆ ಕೂತಿದ್ದ ತಮ್ಮ ಅದನ್ನು ತಲೆಕೆಳಗಾಗಿಯೇ ಓದಿಕೊಂಡ.