ಸ್ಕ್ರೀನಿನಲ್ಲಿ ನಿಂತುಹೋದ ಮುಖ

ನಮ್ಮ ಮನೆಯ ವೈಫೈ ಕೈಕೊಟ್ಟ ಗಳಿಗೆಯಲ್ಲಿ ಡಾಕ್ಟರ್ ಬಸವಪ್ರಭುವಿನ ಮೂಗು ಮೇಲಕ್ಕೇರಿತ್ತು. ತುಟಿಯ ಒಂದು ತುದಿ ಕೆಳಗೆ ಎಳೆದುಕೊಂಡಿತ್ತು. ಒಡೆದ ಹಾಲಿನ ಪಾತ್ರೆಯನ್ನು ಮೂಸಿದವನ ಹಾಗೆ ಮುಖ ಸಿಂಡರಿಸಿಕೊಂಡು, ಅವನು ನಮ್ಮ ಲ್ಯಾಪ್‌ಟಾಪಿನ ತುಂಬ ಹಾಗೇ ನಿಂತುಬಿಟ್ಟ.

ಅದಕ್ಕೆ ಸ್ವಲ್ಪ ಮೊದಲು ನಾನು ನನ್ನ ಎಡಗೈಯನ್ನು ಕ್ಯಾಮೆರಾದ ಮುಂದೆ ಹಿಡಿದಿದ್ದೆ.

ನನ್ನ ಎಡಗೈಯಲ್ಲಿ ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಬಿಳಿ ಮಚ್ಚೆಗಳಿವೆ. ಡಾಕ್ಟರು ವಿಟಿಲಿಗೊ ಎನ್ನುತ್ತಾರೆ, ಬೀದಿಯವರು ತೊನ್ನು ಎನ್ನುತ್ತಾರೆ. ಅಂಟುವುದಿಲ್ಲ, ನೋಯುವುದೂ ಇಲ್ಲ. ಯಾರಾದರೂ ಹೆಣ್ಣು ನೋಡಲು ಬರುತ್ತಾರೆಂದರೆ ಅಮ್ಮ ಉದ್ದ ತೋಳಿನ ಬ್ಲೌಸ್ ತೆಗೆದಿಡುತ್ತಾಳೆ, ಸೆರಗಿನಲ್ಲಿ ಕೈ ಮುಚ್ಚಿಕೊ ಎನ್ನುತ್ತಾಳೆ. ನನಗೆ ಆ ಕಣ್ಣಾಮುಚ್ಚಾಲೆ ಕಂಡರೇ ಆಗುವುದಿಲ್ಲ. ಬೇಡ ಎನ್ನುವವನು ಕಾಫಿಗೆ ಮೊದಲೇ ಬೇಡ ಎನ್ನಲಿ, ಉಪ್ಪಿಟ್ಟಾದರೂ ಉಳಿಯುತ್ತದೆ ಎಂದು ನಾನೇ ಮುಂದಾಗಿ ಕೈ ತೋರಿಸಿಬಿಡುತ್ತೇನೆ.

ಈ ಸಂಬಂಧ ತಂದವರು ಗುರುಪ್ರಕಾಶ್ ಮಾವ. ಹುಡುಗ ಅಮೃತೂರಿನವನು, ಹೆಬ್ಬೂರಿನ ಪಶು ಆಸ್ಪತ್ರೆಯಲ್ಲಿ ಡಾಕ್ಟರ್. ರಜೆ ಸಿಗುತ್ತಿಲ್ಲ, ಮೊದಲು ವಿಡಿಯೋ ಕಾಲ್‌ನಲ್ಲಿ ಮಾತಾಡಿಕೊಳ್ಳಲಿ ಎಂದು ಮಾವನೇ ಸೂಚಿಸಿದ್ದರು. ನನ್ನ ಕೈಯ ವಿಷಯ ಹುಡುಗನ ಮನೆಯವರಿಗೆ ತಿಳಿಸಿಲ್ಲ ಎಂಬುದನ್ನು ಮಾತ್ರ ಕಾಲ್ ಶುರುವಾಗುವ ಹೊತ್ತಿಗೆ ನನ್ನ ಕಿವಿಯಲ್ಲಿ ಉಸುರಿದರು.

ಮೊದಲೆಲ್ಲ ಚೆನ್ನಾಗಿಯೇ ನಡೆಯಿತು. ನಾನು ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತದ ಟ್ಯೂಷನ್ ಹೇಳುತ್ತೇನೆ ಎಂದಾಗ ಅವನು, ಹತ್ತನೇ ಕ್ಲಾಸಿನ ಗಣಿತ ಈಗಲೂ ಕನಸಿನಲ್ಲಿ ಬಂದು ಹೆದರಿಸುತ್ತದೆ ಎಂದ. ನಕ್ಕಾಗ ಅವನ ಕಣ್ಣು ಬಾಯಿಗಿಂತ ಮೊದಲು ನಗುತ್ತಿತ್ತು. ಜಡೆಯಲ್ಲಿ ಸಿಕ್ಕಿಸಿಕೊಂಡು ಮರೆತುಬಿಟ್ಟಿದ್ದ ನನ್ನ ಪೆನ್ನನ್ನು ಅವನು ಗಮನಿಸಿದ್ದು, ಗಮನಿಸಿಯೂ ಹೇಳದೆ ತುಟಿ ಕಚ್ಚಿಕೊಂಡದ್ದು ನನಗೆ ಕಂಡಿತು. ಇಷ್ಟವಾಗಿಬಿಟ್ಟ. ಅದಕ್ಕೇ ಬೇಗ ಮುಗಿಸಿಬಿಡೋಣ ಎನಿಸಿ, ‘ಇದನ್ನೊಂದು ನೋಡಿಬಿಡಿ’ ಎಂದು ಕೈಯೆತ್ತಿದೆ.

ಆಮೇಲೆ ಆ ಮುಖ. ಅಪ್ಪ ಲ್ಯಾಪ್‌ಟಾಪನ್ನು ತಟ್ಟಿದರು. ಅಮ್ಮ ಅತ್ತ ತಿರುಗಿದಳು. ಮುಖ ಮಾತ್ರ ಅಲ್ಲಾಡಲಿಲ್ಲ. ಕೊನೆಗೆ ಕಾಲ್ ತಾನಾಗಿ ಕಟ್ ಆಯಿತು. ಅಜ್ಜಿ ಬಸವಲಿಂಗಮ್ಮ, ದನದ ಡಾಕ್ಟರಿಗೇ ಇಷ್ಟು ಕೊಬ್ಬು ಇರಬೇಕಾದರೆ ಜನದ ಡಾಕ್ಟರಿಗೆ ಎಷ್ಟಿರಬೇಡ ಎಂದು ಗೊಣಗಿಕೊಂಡು ಎದ್ದುಹೋದಳು.

ನನಗೆ ಹೇಸಿಗೆಯಾಯಿತು. ಅವನ ಬಗ್ಗೆ, ನನ್ನ ಬಗ್ಗೆ, ಅವನ ಕಣ್ಣು ನೋಡಿ ಒಂದು ಕ್ಷಣ ಕರಗಿದ ನನ್ನ ದಡ್ಡತನದ ಬಗ್ಗೆ. ಹಸುವಿನ ಹೊಟ್ಟೆಯೊಳಗೆ ಭುಜದವರೆಗೆ ಕೈ ತೂರಿಸುವ ಮನುಷ್ಯ ನನ್ನ ಕೈ ನೋಡಿ ಮೂಗು ಮುರಿಯುವುದೆಂದರೆ! ಅವರ ಕಡೆಯಿಂದ ಮತ್ತೆ ಮತ್ತೆ ಫೋನ್ ಬಂತು. ನಂಬರ್ ಬ್ಲಾಕ್ ಮಾಡಿ, ಹುಡುಗಿ ಒಪ್ಪಲಿಲ್ಲ ಎಂದು ಮಾವನ ಕೈಯಲ್ಲಿ ಹೇಳಿಸಿದೆ.

ಹೇಸಿಗೆಪಡುವುದು ನನಗೆ ಹೊಸದೇನಲ್ಲ. ಹಾಲಿನ ಪ್ಯಾಕೆಟ್ಟನ್ನು ಸೋಪು ಹಾಕಿ ತೊಳೆಯುವವಳು ನಾನು. ಬಸ್ಸಿನ ಕಂಬಿ ಹಿಡಿದರೆ ಮನೆಗೆ ಬರುವವರೆಗೂ ಆ ಕೈಯನ್ನು ಮೈಗೆ ತಾಕಿಸುವುದಿಲ್ಲ. ಬೇರೆಯವರು ನನ್ನನ್ನು ಕಂಡು ಮುಖ ಹಿಂಡುತ್ತಾರೆಂದು ಕುದಿಯುವವಳು ಊರಿನ ಅರ್ಧ ವಸ್ತುಗಳನ್ನು ಕಂಡು ಮುಖ ಹಿಂಡುತ್ತೇನೆ. ಇದನ್ನು ಯಾರಾದರೂ ಎತ್ತಿ ಹೇಳಿದರೆ ಜಗಳಕ್ಕೆ ಹೋಗುತ್ತೇನೆ.

ಅಂದಿನಿಂದ ವೈಫೈ ಇನ್ನೂ ಹದಗೆಟ್ಟಿತು. ಪಾಠದ ನಡುವೆ ಮಕ್ಕಳು, ಮಿಸ್ ನೀವು ಸ್ಟಕ್ ಆಗಿದೀರ ಎನ್ನುತ್ತಿದ್ದರು. ನನ್ನ ಮುಖ ಯಾವ ಅವತಾರದಲ್ಲಿ ನಿಂತಿದೆಯೋ ಎಂದು ಮೈಯೆಲ್ಲ ಮುಳ್ಳಾಗುತ್ತಿತ್ತು. ಆಫ್ ಮಾಡಿ ಆನ್ ಮಾಡಿದೆ. ಪಾಸ್‌ವರ್ಡ್ ಬದಲಾಯಿಸಿದೆ, ಪಕ್ಕದ ಮನೆಯವರು ಕದಿಯುತ್ತಿದ್ದಾರೆಂದು ಅವರ ಜೊತೆ ಮಾತು ಬಿಟ್ಟೆ. ಲ್ಯಾಪ್‌ಟಾಪ್ ಹಿಡಿದುಕೊಂಡು ಅಡುಗೆಮನೆ, ಮೆಟ್ಟಿಲು, ಟೆರೇಸ್ ಎಲ್ಲ ಸುತ್ತಿದೆ. ಕಂಪನಿಗೆ ಫೋನ್ ಮಾಡಿದರೆ ಅವರೂ ಆಫ್ ಮಾಡಿ ಆನ್ ಮಾಡಿ ಎಂದರು. ಒಬ್ಬ ಬಂದು ಹೊರಗಿನ ವೈರನ್ನು ನೋಡಿ, ಲೈನ್ ಸರಿಯಿದೆ ಎಂದು ಹೇಳಿ ಹೋದ.

ಒಳಗಿನ ಡಬ್ಬವನ್ನು ಅವನೂ ನೋಡಲಿಲ್ಲ, ನಾನೂ ನೋಡಿರಲಿಲ್ಲ. ಅದು ಇದ್ದದ್ದು ದೇವರ ಕೋಣೆಯಲ್ಲಿ. ಹಾಲ್‌ಗೆ ಹೊಸದಾಗಿ ಪೇಂಟ್ ಮಾಡಿಸಿದ್ದೇನೆ, ಗೋಡೆಗೆ ತೂತು ಹೊಡೆಯಬೇಡಿ ಎಂದು ಅಪ್ಪ ಹಟ ಹಿಡಿದಿದ್ದರಿಂದ ವೈರು ದೇವರ ಕೋಣೆಯ ಕಿಟಕಿಯಲ್ಲಿ ಒಳಗೆ ಬಂದು, ರೌಟರು ಅಲ್ಲಿನ ಗೂಡಿನಲ್ಲಿ ಕೂತಿತ್ತು. ಸ್ವಿಚ್ಚು ಬಾಗಿಲಿನ ಹೊರಗೆ. ಗೂಡಿನ ಹತ್ತಿರ ಬೆಲ್ಲ, ಬಾಳೆಹಣ್ಣು ಇಡುವುದರಿಂದ ಜಿರಳೆ ಇರುತ್ತವೆಂದು ನಾನು ಆ ಕಡೆ ತಲೆಹಾಕುತ್ತಿರಲಿಲ್ಲ.

ಒಂದು ಶನಿವಾರ ಅಪ್ಪ ಅಮ್ಮ ಗುಬ್ಬಿಗೆ ಗೃಹಪ್ರವೇಶಕ್ಕೆ ಹೋಗಿದ್ದರು. ಹಿಂದಿನ ದಿನ ಇಬ್ಬರು ಮಕ್ಕಳ ಪೋಷಕರು ಬೇರೆ ಟ್ಯೂಷನ್ ನೋಡಿಕೊಳ್ಳುತ್ತೇವೆ ಎಂದಿದ್ದರು. ಇನ್ನು ಉಪಾಯವಿಲ್ಲ ಎಂದು ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು, ಮೂಗಿಗೆ ದುಪಟ್ಟಾ ಕಟ್ಟಿಕೊಂಡು ಗೂಡಿನೊಳಗೆ ಟಾರ್ಚ್ ಬಿಟ್ಟೆ.

ರೌಟರ್ ಮೇಲೆ ಮೂರು ಬೆರಳಿನ ವಿಭೂತಿ. ಇವತ್ತಿನದು ಮಾತ್ರವಲ್ಲ, ಒಂದರ ಮೇಲೊಂದು ಒಣಗಿ ಸುಣ್ಣದ ಗೋಡೆಯಂತೆ ದಪ್ಪವಾಗಿತ್ತು. ಗಾಳಿಯಾಡುವ ಸೀಳುಗಳೆಲ್ಲ ಮುಚ್ಚಿಹೋಗಿದ್ದವು. ಅದರ ಮೇಲೆ ಕರ್ಪೂರದ ಮಸಿ, ಎಣ್ಣೆಯ ಜಿಡ್ಡು, ಬಾಡಿದ ಕಣಗಿಲೆ ಹೂವು. ಅಜ್ಜಿಯನ್ನು ಕೇಳಿದರೆ, ಪದೇ ಪದೇ ಕೆಡುತ್ತಿತ್ತಲ್ಲ, ಅದಕ್ಕೇ ಬೆಳಿಗ್ಗೆ ಸಂಜೆ ಪೂಜೆ ಮಾಡಿದಾಗ ಅದಕ್ಕೂ ಹಚ್ಚಿ ತೀರ್ಥ ಚಿಮುಕಿಸುತ್ತಿದ್ದೆ ಎಂದಳು. ಕೆಟ್ಟಷ್ಟೂ ಹಚ್ಚಿದ್ದಾಳೆ, ಹಚ್ಚಿದಷ್ಟೂ ಕೆಟ್ಟಿದೆ. ಡಬ್ಬವನ್ನು ಕಿತ್ತು, ಹಳೇ ಮೊರದಲ್ಲಿಟ್ಟುಕೊಂಡು ಜಗುಲಿಗೆ ತಂದೆ. ಅಲುಗಾಡಿಸಿದರೆ ಒಳಗೆ ಏನೋ ಸರಸರ ಎಂದಿತು. ಮೊರವನ್ನು ಅಲ್ಲೇ ಇಟ್ಟು ದೂರ ಹಾರಿದೆ.

ಆಗಲೇ ಗೇಟಿನ ಮುಂದೆ ಬೈಕು ನಿಂತಿತು. ಇಳಿದವನು ಬಸವಪ್ರಭು. ಪ್ಯಾಂಟಿನ ಮಂಡಿಯ ಹತ್ತಿರ ಸಗಣಿಯ ಕಲೆ ಒಣಗಿತ್ತು.

ಅವನು ಒಳಗೆ ಬರಲಿಲ್ಲ. ಇಲ್ಲಿನ ಜಿಲ್ಲಾ ಆಫೀಸಿನಲ್ಲಿ ಕೆಲಸವಿತ್ತು, ಹಾಗೇ ಬಂದೆ ಎಂದು ಗೇಟಿನ ಹೊರಗೇ ನಿಂತು ಹೇಳಿದ. ಒತ್ತಾಯ ಮಾಡಲು ಬಂದಿಲ್ಲ ಎಂದೂ ಸೇರಿಸಿದ.

“ಬೇಡ ಅಂದಿದ್ದು ನಿಮ್ಮಿಷ್ಟ. ಯಾಕೆ ಅಂತ ಗೊತ್ತಾದ್ರೆ ಸಾಕು, ಹೋಗ್ತೀನಿ.”

ಬಾಗಿಲು ಹಾಕಿಕೊಳ್ಳಬೇಕೆಂದುಕೊಂಡೆ. ಆದರೆ ಮೊರದಲ್ಲಿದ್ದ ಡಬ್ಬದ ಸೀಳಿನಿಂದ ಎರಡು ಮೀಸೆ ಹೊರಬಂದು ಗಾಳಿಯಲ್ಲಿ ಅಲ್ಲಾಡಿದವು. ನಾನು ಹಿಂದೆ ಸರಿದದ್ದನ್ನು ಅವನು ನೋಡಿದ, ಮೀಸೆಯನ್ನೂ ನೋಡಿದ. ಕಣ್ಣು ಮೊದಲು ನಕ್ಕಿತು, ಬಾಯಿ ಆಮೇಲೆ.

ಗೇಟು ತೆಗೆದು ಬಂದು, ಜಗುಲಿಯ ಅಂಚಿನಲ್ಲಿ ಕೂತು ಸ್ಕ್ರೂಡ್ರೈವರ್ ಕೇಳಿದ. ವೈಫೈ ಬಗ್ಗೆ ತನಗೇನೂ ಗೊತ್ತಿಲ್ಲ, ಜಿರಳೆ ಬಗ್ಗೆ ಭಯವಿಲ್ಲ ಅಷ್ಟೇ ಎಂದ. ಮುಚ್ಚಳ ತೆಗೆದದ್ದೇ ನಾನು ಮೆಟ್ಟಿಲಿಳಿದು ತೆಂಗಿನ ಮರದ ಹತ್ತಿರ ಹೋಗಿ ನಿಂತೆ. ಒಳಗೆ ಬೆಚ್ಚಗಿದ್ದಲ್ಲಿ ಸಂಸಾರವೇ ನಡೆದಿತ್ತು. ದೊಡ್ಡವು, ಚಿಕ್ಕವು, ಮೊಟ್ಟೆಯ ಚೀಲಗಳು, ಕಾಫಿಪುಡಿಯಂಥ ಹಿಕ್ಕೆ, ಅದರೊಳಗೆ ಕಲಸಿಕೊಂಡ ವಿಭೂತಿ. ವಾಸನೆ ನನ್ನವರೆಗೂ ಬಂತು. ದುಪಟ್ಟಾವನ್ನು ಇನ್ನಷ್ಟು ಬಿಗಿದುಕೊಂಡೆ. ಅವನು ಬರಿಗೈಯಲ್ಲಿ ಒಂದೊಂದನ್ನೇ ತೆಗೆದು ಕೊಡವಿದ. ಬ್ಯಾಗಿನಿಂದ ಸ್ಪಿರಿಟ್ಟು, ಹತ್ತಿ ತೆಗೆದು ಮೂಲೆ ಮೂಲೆಯನ್ನೂ ಒರೆಸಿದ. ಹಸುವಿನ ಗಾಯ ತೊಳೆಯುವಾಗಲೂ ಹೀಗೇ ತಲೆ ವಾಲಿಸಿಕೊಂಡಿರುತ್ತಾನೇನೋ ಎನಿಸಿತು. ಹಾಗೆ ಅನಿಸಿದ್ದಕ್ಕೆ ನನ್ನ ಮೇಲೇ ರೇಗಿತು.

“ನೀವು ಅವತ್ತು ಮುಖ ಸಿಂಡರಿಸಿದ್ರಿ,” ಎಂದೆ. “ಅದಕ್ಕೇ ಬೇಡ ಅಂದೆ.”

ಅವನ ಕೈ ನಿಂತಿತು. ಯಾವಾಗ ಎಂದ. ಕಾಲ್ ಕಟ್ ಆಗುವ ಮುಂಚೆ, ನಮ್ಮನೆಯವರೆಲ್ಲ ನೋಡಿದ್ದೇವೆ ಎಂದೆ. ಅವನು ಇದ್ದಕ್ಕಿದ್ದಂತೆ ಹಣೆ ಚಚ್ಚಿಕೊಂಡ.

ಅಂದು ಬೆಳಿಗ್ಗೆಯಿಂದ ಒಂದು ಹಸುವಿನ ಹೆರಿಗೆಯಂತೆ. ಕರು ಅಡ್ಡ ಬಿದ್ದಿತ್ತಂತೆ. ಮನೆಗೆ ಬಂದು ಸ್ನಾನ ಮಾಡಿ ಕ್ಯಾಮೆರಾದ ಮುಂದೆ ಕೂತರೂ ವಾಸನೆ ಹೋಗಿರಲಿಲ್ಲವಂತೆ. ಸುತ್ತ ಕೂತಿದ್ದ ನೆಂಟರು ಮೂಗು ಮುಚ್ಚಿಕೊಂಡಿದ್ದನ್ನು ನೋಡಲಾರದೆ ಅವನ ಅತ್ತಿಗೆ ಹಿಂದಿನಿಂದ ಬಂದು ಸೆಂಟಿನ ಬಾಟಲಿ ಅದುಮಿದಳಂತೆ. ಅದು ಸೀದಾ ಅವನ ಮೂಗು ಬಾಯಿಗೆ ಹೊಡೆಯಿತಂತೆ.

ನಗು ಬಂತು. ತಡೆದುಕೊಂಡೆ. ದುಪಟ್ಟಾ ಮೂಗಿನ ಮೇಲಿದ್ದದ್ದು ಒಳ್ಳೆಯದಾಯಿತು.

“ನಮ್ ಕಡೆ ನಿಮ್ಮ ಚಿತ್ರ ಆಗ್ಲೇ ನಿಂತೋಗಿತ್ತು,” ಎಂದ. “ನಿಮ್ಮ ಅಜ್ಜಿ ಕ್ಯಾಮೆರಾಗೆ ಬಗ್ಗಿದ್ರಲ್ಲ, ಅವರ ಮೂಗುತಿ ಒಂದೇ ಕಾಣ್ತಿದ್ದಿದ್ದು. ನೀವು ಇದನ್ನೊಂದು ನೋಡಿಬಿಡಿ ಅಂದಿದ್ದು ಮಾತ್ರ ಕೇಳ್ತು. ಏನದು? ಆಮೇಲೆ ಅದನ್ನೇ ಯೋಚ್ನೆ ಮಾಡ್ತಿದೀನಿ.”

ನನ್ನ ನಗು ಅಲ್ಲಿಗೇ ಇಳಿಯಿತು. ಅವನು ನೋಡಿಯೇ ಇರಲಿಲ್ಲ. ಇಷ್ಟು ದಿನ ನಾನು ದ್ವೇಷಿಸಿದ ಮುಖ ನನ್ನ ಪ್ರಶ್ನೆಗೆ ಉತ್ತರವೇ ಅಲ್ಲ. ನಿಜವಾದ ಉತ್ತರ ಇನ್ನೂ ಬರಬೇಕಿತ್ತು, ಈಗ, ನಾಲ್ಕು ಮಾರು ದೂರದಲ್ಲಿ, ಯಾವ ವೈಫೈಯ ಅಡ್ಡಿಯೂ ಇಲ್ಲದೆ. ಕೋಪವಿದ್ದಾಗ ಎಷ್ಟು ಸುಖವಾಗಿದ್ದೆ ಎಂದು ಆಗ ತಿಳಿಯಿತು. ಗ್ಲೌಸಿನೊಳಗೆ ಕೈ ಬೆವರತೊಡಗಿತು. ಏನೂ ಇಲ್ಲ ಎಂದುಬಿಟ್ಟರೆ ಅವನು ಇನ್ನೊಂದು ಸಲ ಬರುತ್ತಾನೆ, ಮತ್ತೆ ನಗುತ್ತಾನೆ. ಅಮ್ಮನ ಉದ್ದ ತೋಳಿನ ಬ್ಲೌಸು ಮೊದಲ ಬಾರಿಗೆ ಅರ್ಥವಾಯಿತು.

ಮೆಟ್ಟಿಲು ಹತ್ತಿ ಬಂದು ಗ್ಲೌಸ್ ಎಳೆದು ತೆಗೆದೆ. ಕೈಯನ್ನು ಅವನ ಮುಂದೆ ಹಿಡಿದೆ.

ಮುಖ ಓದುವುದರಲ್ಲಿ ನನಗೆ ಎಷ್ಟೋ ವರ್ಷದ ಅಭ್ಯಾಸ. ಮೊದಲು ಮೂಗಿನ ಹೊಳ್ಳೆ ಅದುರುತ್ತದೆ, ಆಮೇಲೆ ತುಟಿಯ ತುದಿ, ಕೊನೆಗೆ ಒಂದು ಸುಳ್ಳು ನಗು ಬಂದು ಎಲ್ಲವನ್ನೂ ಮುಚ್ಚುತ್ತದೆ. ನಾನು ಹೊಳ್ಳೆಯನ್ನೇ ನೋಡುತ್ತ ನಿಂತೆ. ಅವನು ಕೈಯನ್ನು ನೋಡಿದ, ಮಣಿಕಟ್ಟನ್ನು ನೋಡಿದ, ಬೆರಳಿನ ಸಂದುಗಳನ್ನೂ ಬಿಡದೆ ನೋಡಿದ. ಹೊಳ್ಳೆ ಅದುರಲಿಲ್ಲ.

“ನೋವಿದ್ಯಾ?”

“ಇಲ್ಲ.”

“ತುರಿಕೆ?”

“ಇಲ್ಲ.”

“ಮತ್ತೇನ್ ತೊಂದ್ರೆ?”

“ಜನ,” ಎಂದೆ.

“ಅದಕ್ಕೆ ನನ್ ಹತ್ರ ಔಷಧಿ ಇಲ್ಲ. ದನಕ್ಕಾದ್ರೆ ಇದೆ.”

ಅಷ್ಟು ಹೇಳಿ ಮತ್ತೆ ರೌಟರ್ ಒರೆಸತೊಡಗಿದ. ನನಗೆ ಕಣ್ಣು ತುಂಬಿ ಬಂತು. ಅದು ಅವನಿಗೆ ಕಾಣಬಾರದೆಂದು ಮರದ ಕಡೆ ತಿರುಗಿ ನಿಂತೆ. ಡಬ್ಬ ಜೋಡಿಸಿ ಅವನು ಹಿತ್ತಲ ನಲ್ಲಿಗೆ ಹೋಗಿ ಕೈ ತೊಳೆದು ಬಂದ. ಬಂದವನು ಕೂರಲಿಲ್ಲ. ಮೊದಲ ಸಲ ಅವನ ಮುಖದಲ್ಲಿ ಅಳುಕು ಕಂಡಿತು.

“ನೀವು ತೋರಿಸಿದ್ರಿ. ನಂದೂ ಒಂದಿದೆ,” ಎಂದು ತನ್ನ ಬಲಗೈ ಚಾಚಿದ. “ಎಷ್ಟು ತೊಳೆದ್ರೂ ವಾಸ್ನೆ ಹೋಗಲ್ಲ. ಇದನ್ನ ಮೂಸಿದ ಮೇಲೆ ಯಾವ ಹುಡುಗೀನೂ ಎರಡ್ನೇ ಸಲ ಮಾತಾಡಿಲ್ಲ. ನಿಮಗೆ ಈಗ್ಲೇ ಗೊತ್ತಾಗ್ಬಿಡ್ಲಿ.”

ಅವನ ಕಣ್ಣು ನನ್ನ ಮೂಗಿನ ಹೊಳ್ಳೆಯ ಮೇಲೆ ನೆಟ್ಟಿತ್ತು. ಆ ನೋಟ ನನಗೆ ಗೊತ್ತು. ಅದು ನನ್ನದೇ ನೋಟ.

ದುಪಟ್ಟಾ ಕೆಳಗಿಳಿಸಿ, ನನ್ನ ಮಚ್ಚೆಯ ಕೈಯಿಂದ ಅವನ ಕೈ ಹಿಡಿದು ಮೂಗಿನ ಹತ್ತಿರ ತಂದುಕೊಂಡೆ. ಮೇಲೆ ಸೋಪು, ಅದರಡಿ ಸ್ಪಿರಿಟ್ಟು. ಅದರಡಿ ಸಗಣಿ, ಹುಳಿ ಬಂದ ಹಾಲು, ರಕ್ತ, ಇನ್ನೂ ಏನೋ ಬೆಚ್ಚಗಿನ ಹಸಿ ವಾಸನೆ. ಪ್ರೀತಿಯಿದ್ದರೆ ವಾಸನೆ ಸುಗಂಧವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೂಗು ಮೇಲಕ್ಕೇರಿತು, ತುಟಿ ಎಳೆದುಕೊಂಡಿತು. ಬಚ್ಚಿಡಲು ನೋಡಿದೆ, ಆಗಲಿಲ್ಲ.

“ಮುಖ ಸಿಂಡರಿಸಿದ್ರಿ,” ಎಂದ ಅವನು, ಮೆಲ್ಲಗೆ.

“ಹೂಂ. ವಾಸ್ನೆ ಹಂಗಿದೆ.”

“ಹಾಗಾದ್ರೆ ನಾನು ಹೊರಡ್ಲಾ?”

“ಮುಖ ಯಾಕ್ ನೋಡ್ತೀರ?” ಎಂದೆ. “ಕೈ ಬಿಟ್ಟಿದೀನಾ ನೋಡಿ.”

ಅವನು ತಲೆ ತಗ್ಗಿಸಿ ನೋಡಿದ. ಬಿಟ್ಟಿರಲಿಲ್ಲ.